ಹೊಲಿಗೆ ಕಲಿಯುವವರ ವಾಟ್ಸಾಪ್ ಗ್ರೂಪ್ ನಡೆಸುವುದು ಹೇಗೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಕುಬಸ, ಚೂಡಿದಾರ, ಫಾಲ್-ಪಿಕೊ, ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮ್. ಇದರ ಜೊತೆಗೆ ಒಂದು ವಾಟ್ಸಾಪ್ ಗ್ರೂಪ್ ನಡೆಸುತ್ತೇನೆ. ಆಳಂದ, ಜೇವರ್ಗಿ, ಸೇಡಂ, ಶಹಾಬಾದ್ ಕಡೆಯ ಹೆಣ್ಣುಮಕ್ಕಳು ಅದರಲ್ಲಿದ್ದಾರೆ, ಚಿಂಚೋಳಿ ತಾಂಡಾಗಳವರೂ ಇದ್ದಾರೆ. ಯಾರೂ ಫೀಸು ಕೊಡುವುದಿಲ್ಲ, ಯಾರಿಗೂ ಸರ್ಟಿಫಿಕೇಟ್ ಸಿಗುವುದಿಲ್ಲ. ಮನೆಯಲ್ಲೊಂದು ಮಷಿನ್ ಇದೆ, ಹೊಲಿಯುತ್ತ ಹೊಲಿಯುತ್ತ ಎಲ್ಲೋ ಸಿಕ್ಕಿಬೀಳುತ್ತಾರೆ, ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ಇಂಥದ್ದೊಂದು ನಾವೂ ಮಾಡಬೇಕು, ಹ್ಯಾಂಗ ಮಾಡೋದ್ರಿ ಅಂತ ಬೀದರ, ಯಾದಗಿರಿ ಕಡೆಯಿಂದ ಫೋನು ಬರುವುದು ಹೆಚ್ಚಾಗಿದೆ. ಫೋನಿನಲ್ಲಿ ಹೇಳುತ್ತ ಕೂತರೆ ಮಷಿನ್ ನಿಲ್ಲುತ್ತದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ. ಉದಾಹರಣೆಯೆಲ್ಲ ಹೊಲಿಗೆಯದೇ, ನನಗೆ ಬರುವುದು ಅದೊಂದೇ. ಪಂಪಿನ ಮೋಟಾರ್ ವೈಂಡಿಂಗ್ ಕಲಿಯುವವರು, ಬಿದ್ರಿ ಕೆಲಸ ಕಲಿಯುವವರು, ತೊಗರಿ ಬೆಳೆಯುವವರು ತಮ್ಮ ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಲಿ.

ಗ್ರೂಪಿಗೆ ದಿನಾ ಒಂದು ಪಾಠ ಹಾಕಬೇಕು ಎನ್ನುವ ಹುಕಿ ಮೊದಲು ಬಿಡಿ. ಪಾಠ ಯೂಟ್ಯೂಬಿನಲ್ಲಿ ಬೇಕಾದಷ್ಟು ಬಿದ್ದಿದೆ. ಎದೆಯ ಭಾಗಕ್ಕೆ ಬಟ್ಟಲಿನಾಕಾರದ ತುಂಡು ಕೂಡಿಸುವ ಕಟೋರಿ ಕುಬಸ ಕತ್ತರಿಸುವುದನ್ನು ಕನ್ನಡದಲ್ಲೇ ಅಂಗುಲ ಅಂಗುಲ ಬಿಡಿಸಿ ತೋರಿಸುವವರು ಎಷ್ಟೋ ಮಂದಿ. ಆದರೆ ಆ ವಿಡಿಯೊ ನೋಡಿ ನೀವು ಕತ್ತರಿಸಿದ ಬಟ್ಟೆ ಬಗಲಲ್ಲಿ ಯಾಕೆ ಎಳೆಯುತ್ತಿದೆ ಎಂದು ಆ ವಿಡಿಯೊ ಹೇಳುವುದಿಲ್ಲ. ನಿಮ್ಮ ಬಟ್ಟೆಯನ್ನು ಯಾರಾದರೂ ನೋಡಬೇಕು. ಗ್ರೂಪ್ ಇರುವುದು ಅದಕ್ಕೆ. ಹಾಗಾಗಿ ನಡೆಸುವವರ ಅರ್ಧಕ್ಕಿಂತ ಹೆಚ್ಚು ಕೆಲಸ ಪ್ರಶ್ನೆ ಕೇಳುವುದನ್ನು ಕಲಿಸುವುದೇ ಆಗಿರುತ್ತದೆ.

ಯಾರನ್ನು ಸೇರಿಸಬೇಕು

ವಾಟ್ಸಾಪ್ ಒಂದು ಗ್ರೂಪಿಗೆ 1024 ಮಂದಿಯನ್ನು ಬಿಡುತ್ತದೆ. ಬಿಡುತ್ತದೆ ಅಂತ ತುಂಬಬೇಡಿ. ಅರವತ್ತು ಎಪ್ಪತ್ತು ಮಂದಿ ಇದ್ದರೆ ಒಬ್ಬರ ಕೆಲಸ ಒಬ್ಬರಿಗೆ ನೆನಪಿರುತ್ತದೆ. "ಸೇಡಂದಾಕಿ, ಆಕಿಂದು ಹಳೀ ಕಪ್ಪ ಮಷಿನ್ ಅದ" ಅಂತ ಗೊತ್ತಿದ್ದರೆ ಉತ್ತರ ಹೇಳುವುದು ಸುಲಭ. ಅಷ್ಟರಲ್ಲೂ ಮಾತಾಡುವವರು ಹತ್ತು ಹದಿನೈದು ಮಂದಿ, ಉಳಿದವರು ನೋಡುತ್ತಾರೆ. ನೋಡಲಿ ಬಿಡಿ. "ಯಾಕ ಸುಮ್ಮನ ಇದ್ದೀರಿ, ಏನರ ಹಾಕ್ರಿ" ಅಂತ ಬೆನ್ನು ಹತ್ತಿದರೆ ಅವರು ಮಾತಾಡುವುದಿಲ್ಲ, ಗ್ರೂಪ್ ಬಿಡುತ್ತಾರೆ. ಸುಮ್ಮನಿದ್ದವರು ನಿಮಗೆ ಖಾಸಗಿಯಾಗಿ ಪ್ರಶ್ನೆ ಕಳಿಸುತ್ತಾರೆ. ಆಗ ಒಂದು ಮಾತು ಕೇಳಿ, ಹೆಸರು ಹೇಳದೆ ಇದನ್ನು ಗ್ರೂಪಿಗೆ ಹಾಕಲೇ ಎಂದು. ಬಹಳ ಮಂದಿ ಹೂಂ ಅನ್ನುತ್ತಾರೆ. ಹೀಗೆ ಒಂದೆರಡು ಸಲ ಆದ ಮೇಲೆ ಅವರೇ ಹಾಕತೊಡಗುತ್ತಾರೆ.

ಸೇರುವ ಲಿಂಕನ್ನು ಸ್ಟೇಟಸ್‌ಗೆ ಹಾಕಬೇಡಿ, ಅಂಗಡಿ ಬಾಗಿಲಿಗೆ ಅಂಟಿಸಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಲಿಂಕ್ ಹಿಡಿದು ಒಬ್ಬ ಗಂಡಸು ಹೆಣ್ಣಿನ ಫೋಟೊ ಇಟ್ಟುಕೊಂಡು ನಮ್ಮ ಗ್ರೂಪಿನೊಳಗೆ ಬಂದಿದ್ದ. ರಾತ್ರಿ ಹನ್ನೊಂದಕ್ಕೆ ಎರಡು ಮೂರು ಹುಡುಗಿಯರಿಗೆ ಕರೆ ಹೋಯಿತು. ಅದರಲ್ಲೊಬ್ಬಳಿಗೆ ಮನೆಯವರು ಫೋನೇ ಕಸಿದುಕೊಂಡರು; ತಪ್ಪು ಅವನದು, ಶಿಕ್ಷೆ ಈಕೆಗೆ. ಅಂದಿನಿಂದ ಗ್ರೂಪ್ ಸೆಟಿಂಗ್ಸಿನಲ್ಲಿ ಹೊಸಬರನ್ನು ಅಡ್ಮಿನ್ ಒಪ್ಪಿದರೆ ಮಾತ್ರ ಒಳಗೆ ಬರುವಂತೆ ಇಟ್ಟಿದ್ದೇನೆ. ಒಪ್ಪುವ ಮೊದಲು ಎರಡು ಫೋಟೊ ಕೇಳುತ್ತೇನೆ: ನಿಮ್ಮ ಮಷಿನಿನದು ಒಂದು, ನೀವು ಹೊಲಿದ ಯಾವುದಾದರೂ ಬಟ್ಟೆಯದು ಒಂದು. ಹೊಲಿಗೆ ಎಷ್ಟು ಸೊಟ್ಟಗಿದ್ದರೂ ನಡೆಯುತ್ತದೆ. ದಿಂಬಿನ ಕವರ್ ಆದರೂ ಸರಿ. ಕೇಡಿಗೆ ಬಂದವರು ಈ ಎರಡು ಫೋಟೊಕ್ಕೇ ಹಿಂದೆ ಸರಿಯುತ್ತಾರೆ. ಆಮೇಲೆ ಪರಿಚಯದವರಿಂದ ಒಂದು ಮಾತು ತಿಳಿದುಕೊಂಡು ಒಳಗೆ ಬಿಡುತ್ತೇನೆ.

ನಂಬರು ಮುಚ್ಚಿಡಬೇಕೆಂದರೆ ಟೆಲಿಗ್ರಾಮ್ ಉತ್ತಮ. ಅಲ್ಲಿ ಸೆಟಿಂಗ್ಸಿನಲ್ಲಿ ನಂಬರು ಯಾರಿಗೂ ಕಾಣದಂತೆ ಇಡಬಹುದು. ಆದರೆ ನಮ್ಮ ಕಡೆ ಟೆಲಿಗ್ರಾಮ್ ಅಂದರೆ ಹುಡುಗರು ಸಿನಿಮಾ ಇಳಿಸಿಕೊಳ್ಳುವ ಜಾಗ ಅಂತ ಮನೆಯವರು ತಿಳಿದಿದ್ದಾರೆ. ಸೊಸೆಯ ಫೋನಿನಲ್ಲಿ ಅದನ್ನು ಹಾಕಿಸುವ ಜಗಳಕ್ಕಿಂತ ವಾಟ್ಸಾಪಿನಲ್ಲೇ ಎಚ್ಚರದಿಂದ ಇರುವುದು ವಾಸಿ.

ಇನ್ನೊಂದು, ಫೋನು ಅವರದೇ ಆಗಿರಬೇಕೆಂದಿಲ್ಲ. ಗಂಡನ ಫೋನು, ಮಗನ ಫೋನು, ಕೆಲವೊಮ್ಮೆ ಮೈದುನನದು. ಫೋನು ಮನೆಗೆ ಬರುವುದು ರಾತ್ರಿ. ಹಾಗಾಗಿ ಮುಂಜಾನೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ ಬರಲಿಲ್ಲವೆಂದು ಮುನಿಯಬಾರದು ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ರಾತ್ರಿ ಊಟ ಮುಗಿದು ಭಾಂಡೆ ತೊಳೆದ ಮೇಲೆ 9ರಿಂದ 10 ನಮ್ಮ ಗ್ರೂಪಿಗೆ ಜೀವ ಬರುವ ಹೊತ್ತು. ಮೆಸೇಜಿನ ಕೊನೆಗೆ ಅಥವಾ ಧ್ವನಿಯ ಮೊದಲಿಗೆ ತಮ್ಮ ಹೆಸರು ಹೇಳಬೇಕು, ಇಲ್ಲದಿದ್ದರೆ ಕೇಳಿದ್ದು ಅಕ್ಕನೋ ಅವರ ಯಜಮಾನರೋ ತಿಳಿಯುವುದಿಲ್ಲ.

ಪ್ರಶ್ನೆ ಕೇಳುವ ರೀತಿ

"ಅಕ್ಕಾ, ಮಷಿನ್ ಕೆಟ್ಟದ, ಏನ್ ಮಾಡಲಿ?"

ಈ ಪ್ರಶ್ನೆಗೆ ಯಾವ ಉಸ್ತಾದನಿಗೂ ಉತ್ತರ ಹೇಳಲು ಬರುವುದಿಲ್ಲ. ಆದರೂ ಹತ್ತು ಮಂದಿ ಹೇಳುತ್ತಾರೆ! ಎಣ್ಣೆ ಹಾಕು, ಸೂಜಿ ಬದಲಿಸು, ಕೆಳಗಿನ ದಾರದ ಬಾಬಿನ್ ಕೂರುವ ಕೇಸಿನ ಸ್ಕ್ರೂ ಬಿಗಿ ಮಾಡು, ಮೆಕ್ಯಾನಿಕ್ಕಿಗೆ ತೋರಿಸು. ಕೇಳಿದಾಕೆ ಹತ್ತನ್ನೂ ಮಾಡುತ್ತಾಳೆ, ಕೊನೆಗೆ ಸ್ವಲ್ಪ ಕೆಟ್ಟಿದ್ದ ಮಷಿನ್ ಪೂರ್ತಿ ಕೆಡುತ್ತದೆ.

ನಮ್ಮಲ್ಲಿ ಪ್ರಶ್ನೆ ಹಾಕಬೇಕಾದರೆ ಹೊಲಿಗೆಯ ಎರಡು ಫೋಟೊ ಬೇಕು, ಸೀದಾ ಕಡೆಯದೊಂದು, ಉಲ್ಟಾ ಕಡೆಯದೊಂದು. ಎರಡನ್ನೂ ಹಗಲಿನಲ್ಲಿ, ಬಾಗಿಲ ಬೆಳಕಿಗೆ ಹಿಡಿದು ತೆಗೆಯಬೇಕು. ಬಲ್ಬಿನ ಕೆಳಗೆ ತೆಗೆದರೆ ಕಪ್ಪು ದಾರ ಕಪ್ಪು ಬಟ್ಟೆಯಲ್ಲಿ ಕಾಣುವುದೇ ಇಲ್ಲ. ಪಕ್ಕದಲ್ಲಿ ಟೇಪು ಬಿಡಿಸಿ ಇಡಬೇಕು, ಅಳತೆ ತಿಳಿಯಲಿಕ್ಕೆ. ಕಳಿಸುವಾಗ ಎಚ್‌ಡಿ ಒತ್ತಬೇಕು, ಇಲ್ಲದಿದ್ದರೆ ವಾಟ್ಸಾಪ್ ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ, ಎಳೆ ಎಣಿಸಲು ಬರುವುದಿಲ್ಲ. ಜೊತೆಗೆ ಬಟ್ಟೆ ಯಾವುದು, ಸೂಜಿ ನಂಬರ್ ಎಷ್ಟು, ಇದು ಆಗುವುದಕ್ಕೆ ಮೊದಲು ಏನು ಬದಲಿಸಿದಿರಿ ಎನ್ನುವ ಮೂರು ಮಾತು. ಕೊನೆಯದೇ ಮುಖ್ಯ. ನಿನ್ನೆ ಚೆನ್ನಾಗಿ ಓಡಿದ ಮಷಿನ್ ಇಂದು ತೊಂದರೆ ಕೊಡುತ್ತಿದೆ ಅಂದರೆ ನಡುವೆ ಏನೋ ಆಗಿರುತ್ತದೆ: ಹೊಸ ರೀಲು, ಹೊಸ ಸೂಜಿ, ಇಲ್ಲವೇ ಮಗು ಬಂದು ಯಾವುದೋ ತಿರುಪು ತಿರುಗಿಸಿರುತ್ತದೆ.

ಈ ನಿಯಮವನ್ನು ಗ್ರೂಪಿನ ವಿವರಣೆಯಲ್ಲಿ ಬರೆದಿಡಿ, ಮೇಲೆ ಪಿನ್ ಕೂಡ ಮಾಡಿ. ಪಿನ್ 24 ಗಂಟೆ, 7 ದಿನ, 30 ದಿನ, ಹೀಗೆ ಮೂರು ಅವಧಿಗೆ ಇರುತ್ತದೆ. ನಾನು 30 ದಿನದ್ದು ಇಟ್ಟು, ಮುಗಿದ ಮೇಲೆ ಮತ್ತೆ ಹಾಕುತ್ತೇನೆ. ಬರೆದದ್ದನ್ನು ಓದದವರಿಗಾಗಿ ಅದೇ ಮಾತನ್ನು ಧ್ವನಿಯಲ್ಲೂ ಹೇಳಿ ಪಿನ್ ಮಾಡಿದ್ದೇನೆ.

ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದನ್ನು ಬಿಡಿಸಿ ಹೇಳುತ್ತೇನೆ. ಜೇವರ್ಗಿ ಕಡೆಯ ಒಬ್ಬಳು ತಂಗಿ ಕೇಳಿದಳು: "ಅಕ್ಕೋರ, ದಾರ ತಳಗ ಗಂಟಗಂಟ ಕೂಡಲತ್ತದ. ಬಾಬಿನ್ ಬಿಗಿ ಮಾಡಿ ನೋಡೀನಿ, ಆಗವಲ್ದು." ಫೋಟೊ ಹಾಕಿದ್ದಳು. ಉಲ್ಟಾ ಕಡೆ ಮೇಲಿನ ದಾರ ಸುರುಳಿ ಸುರುಳಿಯಾಗಿ ಗುಡ್ಡೆ ಬಿದ್ದಿತ್ತು, ಸೀದಾ ಕಡೆ ನೋಡಿದರೆ ಹೊಲಿಗೆ ಸಪಾಟಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಗಂಟು ಕೆಳಗಿದೆ, ತಪ್ಪೂ ಕೆಳಗೇ ಇರಬೇಕು ಅಂತ ಎಲ್ಲರೂ ಬಾಬಿನ್ ಹಿಂದೆ ಬಿದ್ದರು. ಒಬ್ಬರು ಸ್ಕ್ರೂ ಸಡಿಲ ಮಾಡು ಅಂದರು, ಇನ್ನೊಬ್ಬರು ಕೇಸ್ ಹೊಸದು ತಾ ಅಂದರು. ಶಹಾಬಾದಿನ ಒಬ್ಬಾಕೆ ಮಾತ್ರ ಕೇಳಿದಳು, "ದಾರ ಪೋಣಿಸುವಾಗ ಫೂಟ್ ಮ್ಯಾಲಿತ್ತೋ, ಕೆಳಗಿತ್ತೋ?" ಕೆಳಗಿತ್ತು. ಬಟ್ಟೆ ಅದುಮಿ ಹಿಡಿಯುವ ಫೂಟ್ ಕೆಳಗಿದ್ದಾಗ, ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ನಿನ ಎರಡು ಬಿಲ್ಲೆಗಳು ಒಂದಕ್ಕೊಂದು ಅಮುಕಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಹೊರಗೇ ಉಳಿಯುತ್ತದೆ. ಆಗ ಮೇಲಿನ ದಾರಕ್ಕೆ ಹಿಡಿತವೇ ಇರುವುದಿಲ್ಲ, ಎಷ್ಟು ಬೇಕಾದರೂ ಕೆಳಗೆ ಹರಿದು ಗುಡ್ಡೆಯಾಗುತ್ತದೆ. ಫೂಟ್ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸು ಅಂದಳು. ಆಯಿತು. ಆದರೆ ಅಷ್ಟರೊಳಗೆ ತಂಗಿ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿಯಾಗಿತ್ತಲ್ಲ, ಅದನ್ನು ಸರಿ ಮಾಡಲು ಇನ್ನೊಂದು ಸಂಜೆ ಹೋಯಿತು. ಬಾಬಿನ್ ಕೇಸಿನಿಂದ ಹೊರಬಂದ ದಾರ ಹಿಡಿದು ಕೇಸನ್ನು ತೂಗುಬಿಟ್ಟರೆ ಅದು ನಿಲ್ಲಬೇಕು, ಸ್ವಲ್ಪ ಜಗ್ಗಿದರೆ ಒಂದಿಷ್ಟು ಇಳಿದು ಮತ್ತೆ ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಇದನ್ನು ಹತ್ತು ಸೆಕೆಂಡಿನ ವಿಡಿಯೊ ಮಾಡಿ ಹಾಕಿದ್ದು ಸೇಡಂದ ಇನ್ನೊಬ್ಬಳು.

ನೋಡಿ, ಇಲ್ಲಿ ನಾನು ಬಾಯಿಯೇ ತೆರೆದಿಲ್ಲ. ಉತ್ತರ ನನಗೆ ಗೊತ್ತಿತ್ತು, ಕೈಯೂ ತುರಿಸುತ್ತಿತ್ತು. ಆದರೂ ನಡೆಸುವವರು ಮೊದಲು ಉತ್ತರ ಕೊಟ್ಟರೆ ಉಳಿದವರು ತಲೆ ಓಡಿಸುವುದು ಬಿಡುತ್ತಾರೆ. ಒಂದು ರಾತ್ರಿ ಕಾಯಿರಿ. ಬಟ್ಟೆ ಹಾಳಾಗುವ ಸಲಹೆ ಯಾರಾದರೂ ಕೊಟ್ಟರೆ, ಅಥವಾ ಗಿರಾಕಿ ನಾಳೆಯೇ ಬರುತ್ತಾರೆ ಅಂತಿದ್ದರೆ ಮಾತ್ರ ನಡುವೆ ಹೋಗಿ.

ಸಮಸ್ಯೆ ಬಗೆಹರಿದ ಮೇಲೆ ಸರಿಯಾದ ಹೊಲಿಗೆಯ ಫೋಟೊ ಹಾಕಲೇಬೇಕು. ಇದನ್ನು ಬಿಡಬೇಡಿ. "ಆತ್ರಿ ಅಕ್ಕಾ, ಥ್ಯಾಂಕ್ಸ್" ಎಂದಷ್ಟೇ ಬಂದರೆ ಹತ್ತು ಸಲಹೆಯಲ್ಲಿ ಯಾವುದು ಕೆಲಸ ಮಾಡಿತು ಅಂತ ಉಳಿದವರಿಗೆ ತಿಳಿಯುವುದಿಲ್ಲ. ಏನು ಮಾಡಿದ್ದರಿಂದ ಆಯಿತು ಎನ್ನುವ ಒಂದು ಸಾಲು, ಒಂದು ಫೋಟೊ.

ಎರಡು ಉತ್ತರ ಬಂದಾಗ

ನಮ್ಮ ಊರು ಸೊಲ್ಲಾಪುರಕ್ಕೂ ಹೈದರಾಬಾದಿಗೂ ನಡುವೆ ಇದೆ. ಸೊಲ್ಲಾಪುರದ ಕಡೆ ಕಲಿತವರ ಕಟಿಂಗ್ ಒಂದು ಥರ, ಹೈದರಾಬಾದಿನ ಉಸ್ತಾದರ ಕೈಕೆಳಗೆ ಕಲಿತವರದು ಇನ್ನೊಂದು ಥರ. ಬಗಲಿನ ಆಳ ಎಷ್ಟಿರಬೇಕು, ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗಕ್ಕೆ ಎಷ್ಟು ಸೇರಿಸಬೇಕು ಎಂಬುದಕ್ಕೆ ಗ್ರೂಪಿನಲ್ಲಿ ಜಗಳವೇ ಆಗುತ್ತದೆ. ನಮ್ಮ ಉಸ್ತಾದರು ಹೇಳಿದ್ದೇ ಸರಿ ಎನ್ನುವುದು ಎಲ್ಲರಿಗೂ ಇರುತ್ತದೆ, ನನಗೂ ಇದೆ.

ಇಲ್ಲಿ ತೀರ್ಪು ಕೊಡಬೇಡಿ. ಇಬ್ಬರಿಗೂ ಒಂದೇ ಅಳತೆ ಕೊಟ್ಟು, ಪೇಪರ್ ಕಟಿಂಗ್ ಮಾಡಿ, ಹಳೆಯ ಸೀರೆಯ ತುಂಡಿನಲ್ಲಿ ಹೊಲಿದು ಫೋಟೊ ಹಾಕಿರಿ ಅನ್ನಿ. ಬಹಳ ಸಲ ಎರಡೂ ಕೂಡುತ್ತವೆ. ಒಬ್ಬರು ಬಗಲಲ್ಲಿ ಬಿಟ್ಟದ್ದನ್ನು ಇನ್ನೊಬ್ಬರು ಭುಜದಲ್ಲಿ ಹಿಡಿದಿರುತ್ತಾರೆ. ಒಂದನ್ನು ಇಲ್ಲಿಂದ, ಒಂದನ್ನು ಅಲ್ಲಿಂದ ತೆಗೆದುಕೊಂಡರೆ ಮಾತ್ರ ಕೆಡುತ್ತದೆ. ಹೊಸಬರು ಮಾಡುವುದು ಅದನ್ನೇ, ಎರಡು ವಿಡಿಯೊದ ಎರಡು ಲೆಕ್ಕ ಸೇರಿಸಿ ಕತ್ತರಿ ಹಾಕುವುದು. ಯಾರ ಲೆಕ್ಕ ಹಿಡಿದಿರೋ ಕೊನೆಯವರೆಗೂ ಅದನ್ನೇ ಹಿಡಿಯಿರಿ ಎಂಬ ಮಾತು ನಮ್ಮಲ್ಲಿ ಪ್ರತಿ ತಿಂಗಳೂ ಯಾರಿಗಾದರೂ ಹೇಳಬೇಕಾಗುತ್ತದೆ.

ಕೆಲವು ಪ್ರಶ್ನೆಗಳಿಗೆ ಮಾತ್ರ ಎರಡು ಉತ್ತರವಿಲ್ಲ. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಆಳ. ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಕೂಡಿಸಿದರೆ ಯಾವ ಉಸ್ತಾದರ ಕಟಿಂಗ್ ಆದರೂ ಎಳೆಯುತ್ತದೆ. ಕತ್ತರಿಸಿದ ಕೂಡಲೇ ಮುಂಭಾಗಕ್ಕೆ ಚಾಕಿನ ಗುರುತು ಹಾಕಬೇಕು. ಒಳಗೆ ಕೊಡುವ ಹತ್ತಿಯ ಅಸ್ತರನ್ನು ನೀರಿಗೆ ಹಾಕಿ ಒಣಗಿಸಿ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಝೋಲು ಬೀಳುತ್ತದೆ. ಇಂಥವುಗಳಲ್ಲಿ "ಅವರವರ ಪದ್ಧತಿ" ಅಂತ ಸುಮ್ಮನಿರಬೇಡಿ, ಖಡಾಖಂಡಿತ ಹೇಳಿ.

ಬರೆಯಲು ಬಾರದವರು, ಬರೆಯಲು ಬೇಸರದವರು

ನಮ್ಮ ಗ್ರೂಪಿನಲ್ಲಿ ಕನ್ನಡ, ದಖ್ಖನಿ, ಲಂಬಾಣಿ ಮೂರೂ ಕೇಳುತ್ತವೆ. ಬೀದರಿನ ಕಡೆ ಮಾಡುವವರಿಗೆ ಮರಾಠಿ, ತೆಲುಗೂ ಸೇರುತ್ತವೆ. ಟೈಪ್ ಮಾಡಿ ಅಂತ ಕೂತರೆ ಅರ್ಧ ಮಂದಿ ಹೊರಗೆ ಉಳಿಯುತ್ತಾರೆ. ಧ್ವನಿಯಲ್ಲಿ ಕೇಳಲಿ, ಯಾವ ಭಾಷೆಯಲ್ಲಾದರೂ ಕೇಳಲಿ. "ಬಾಜಿ, ಆಸ್ತೀನ್ ಬರಾಬರ್ ನೈ ಬೈಠ್‌ರೈ" ಅಂದರೆ ತೋಳಿನ ವಿಷಯ ಅಂತ ಇಲ್ಲಿ ಯಾರಿಗೆ ತಿಳಿಯುವುದಿಲ್ಲ?

ಆದರೆ ಧ್ವನಿಗೆ ಲಗಾಮು ಬೇಕು. ಐದು ನಿಮಿಷದ ಧ್ವನಿಯಲ್ಲಿ ಮೊದಲ ಎರಡು ನಿಮಿಷ ಆರಾಮ್ ಇದ್ದೀರಾ, ಊಟ ಆತಾ, ಹಿಂದೆ ಕುಕ್ಕರ್ ಸೀಟಿ. ನಾವು ಒಂದು ನಿಮಿಷ ಅಂತ ಇಟ್ಟಿದ್ದೇವೆ, ಒಂದು ಧ್ವನಿಗೆ ಒಂದೇ ವಿಷಯ. ಮೊದಲು ಫೋಟೊ ಹಾಕಿ, ಆ ಫೋಟೊವನ್ನು ಬಲಕ್ಕೆ ಎಳೆದು ಅದಕ್ಕೇ ಉತ್ತರವಾಗಿ ಧ್ವನಿ ಹಾಕಬೇಕು. ಹೀಗೆ ಮಾಡಿದರೆ ಯಾವ ಮಾತು ಯಾವ ಬಟ್ಟೆಯದು ಎನ್ನುವುದು ತಪ್ಪುವುದಿಲ್ಲ. ಒಂದೇ ರಾತ್ರಿ ನಾಲ್ಕು ಮಂದಿಯ ಪ್ರಶ್ನೆ ನಡೆಯುತ್ತಿರುವಾಗ ಇದಿಲ್ಲದೆ ಆಗುವುದೇ ಇಲ್ಲ. ಕೇಳುವವರು 1.5 ಅಥವಾ 2 ಪಟ್ಟು ವೇಗ ಒತ್ತಿ ಕೇಳಬಹುದು.

ಧ್ವನಿಯ ದೊಡ್ಡ ತೊಂದರೆ ಬೇರೆ. ಆರು ತಿಂಗಳ ಮೇಲೆ ಹುಡುಕಲು ಹೋದರೆ ಸಿಗುವುದಿಲ್ಲ. ಅದಕ್ಕೆ ಗ್ರೂಪಿನಲ್ಲಿ ಕನ್ನಡ ಟೈಪ್ ಮಾಡಬಲ್ಲ ಇಬ್ಬರು ಹುಡುಗಿಯರನ್ನು ಹಿಡಿಯಿರಿ. ಪ್ರಶ್ನೆ ಮುಗಿದ ಮೇಲೆ ಎರಡು ಸಾಲು ಬರೆಯುವುದು ಅವರ ಕೆಲಸ: "ತೋಳು. ಮುಂದೆ ಹಿಂದೆ ಅದಲುಬದಲಾಗಿತ್ತು. ಬಿಚ್ಚಿ ತಿರುಗಿಸಿ ಹೊಲಿದರು." ಆಮೇಲೆ ಯಾರಾದರೂ ಗ್ರೂಪಿನಲ್ಲಿ "ತೋಳು" ಅಂತ ಹುಡುಕಿದರೆ ಇದು ಬರುತ್ತದೆ. ಯಾವಾಗಲೂ ಒಂದೇ ಪದ ಬಳಸಬೇಕು. ಒಮ್ಮೆ ತೋಳು, ಒಮ್ಮೆ ಸ್ಲೀವ್, ಒಮ್ಮೆ ಬಾಹಿ ಅಂತ ಬರೆದರೆ ಹುಡುಕಿದ್ದು ಸಿಗುವುದಿಲ್ಲ.

ಆಳಂದ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಓದು ಬರಹ ಇಲ್ಲ, ಮಷಿನ್ ಮುಟ್ಟುವುದಿಲ್ಲ, ಕೌದಿ ಹೊಲಿಯುತ್ತಾರೆ. ಮೊಮ್ಮಗಳು ಗ್ರೂಪಿನಲ್ಲಿದ್ದಳು, ಅವಳ ಫೋನಿನಿಂದ ಅಜ್ಜಿ ಬಂದರು. ಮೊದಲು ತೆಗೆದ ವಿಡಿಯೊದಲ್ಲಿ ಅಜ್ಜಿಯ ಮುಖ, ಹಿಂದಿನ ಗೋಡೆ, ದೇವರ ಕ್ಯಾಲೆಂಡರ್ ಎಲ್ಲ ಕಂಡಿತು, ಸೂಜಿ ಕಾಣಲಿಲ್ಲ. ಎದುರಿಗೆ ಕೂತು ತೆಗೆದರೆ ಎಡ ಬಲವೂ ಉಲ್ಟಾ ಆಗುತ್ತದೆ. ಅಜ್ಜಿಯ ಹಿಂದೆ ನಿಂತು, ಬಲಭುಜದ ಮೇಲಿಂದ ಕೆಳಗೆ ಹಿಡಿದು ತೆಗೆ ಅಂದೆ. ಈಗ ನೋಡುವವರಿಗೆ ತಮ್ಮದೇ ಕೈ ಕಂಡಂತೆ ಕಂಡಿತು. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಚಾಕಿಲ್ಲ, ಸ್ಕೇಲಿಲ್ಲ, ಹೆಬ್ಬೆರಳಿನ ಉಗುರಿನಿಂದ ಬಟ್ಟೆಯ ಮೇಲೆ ಒಂದು ಗೀರು ಎಳೆದು ಅದರ ಮೇಲೆ ಸೂಜಿ ಓಡಿಸುತ್ತಾರೆ. ನಾಲ್ಕು ಟಾಕಿ, ಅಂದರೆ ನಾಲ್ಕು ಹೊಲಿಗೆ, ಸೂಜಿಯ ಮೇಲೆ ಕೂಡಿಸಿ ಒಮ್ಮೆಗೇ ಎಳೆಯುತ್ತಾರೆ. ಉಗುರಿನ ಗೀರು ಒಗೆಯುವ ಮೊದಲೇ ಮಾಯ. ಮೋಟಾರ್ ಮಷಿನ್ ಇಟ್ಟುಕೊಂಡ ಹುಡುಗಿಯರು ಈಗ ರೇಷ್ಮೆ ಬಟ್ಟೆಗೆ ಚಾಕಿನ ಬದಲು ಉಗುರೇ ಬಳಸುತ್ತಿದ್ದಾರೆ. ಕಲಿಯುವವರು, ಕಲಿಸುವವರು ಅಂತ ಗ್ರೂಪಿನಲ್ಲಿ ಎರಡು ಸಾಲು ಮಾಡಬೇಡಿ ಎಂದು ಹೇಳುವುದು ಇದಕ್ಕೇ.

ಫಾರ್ವರ್ಡ್

ಗ್ರೂಪು ಸಾಯುವುದು ಇದರಿಂದ. ಮುಂಜಾನೆ ಐದಕ್ಕೇ ಗುಲಾಬಿ ಹೂವು, ಶುಭೋದಯ. ಹನ್ನೊಂದು ಮಂದಿಗೆ ಕಳಿಸದಿದ್ದರೆ ಕೇಡು ಎನ್ನುವ ದೇವರು. ಚುನಾವಣೆ ಬಂದರೆ ಕೇಳುವುದೇ ಬೇಡ. ಎರಡು ಬಾಣದ ಗುರುತಿರುವ ಮೆಸೇಜು, ಅಂದರೆ ಬಹಳ ಕೈ ದಾಟಿ ಬಂದದ್ದು, ನಮ್ಮ ಗ್ರೂಪಿಗೆ ಬರಕೂಡದು. ಬಂದರೆ ಅಡ್ಮಿನ್ ಆಗಿ ಎಲ್ಲರಿಗೂ ಅಳಿಸಿ, ಹಾಕಿದವರಿಗೆ ಖಾಸಗಿಯಾಗಿ ಹೇಳಿ. ಎಲ್ಲರೆದುರು ಹೇಳಿದರೆ ಆಕೆ ಮತ್ತೆ ಪ್ರಶ್ನೆಯನ್ನೂ ಕೇಳುವುದಿಲ್ಲ. ಯುಗಾದಿ, ರಮಜಾನ್, ಎಳ್ಳಮಾಸಿ ದಿನ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಹಬ್ಬದ ದಿನ ಭಜ್ಜಿ ರೊಟ್ಟಿಯ ಫೋಟೊ ಹಾಕಬೇಡಿ ಅನ್ನಲು ನಾನೇನು ತಹಶೀಲ್ದಾರಳೇ?

ಹೊಲಿಗೆ ಗ್ರೂಪಿಗೆ ವಿಶೇಷವಾಗಿ ಬರುವ ಪೀಡೆ ಒಂದಿದೆ: "ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ, ಇಂದೇ ಕೊನೆಯ ದಿನ, ಲಿಂಕ್ ಒತ್ತಿ." ಈ ಹೆಸರಿನ ಸಂದೇಶಗಳು ಸುಳ್ಳು ಎಂದು ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿಯೇ ಹೇಳಿದೆ. ಆಧಾರ್, ಬ್ಯಾಂಕ್ ಖಾತೆ, ಆಮೇಲೆ ಒಟಿಪಿ, ಹೀಗೆ ಒಂದೊಂದಾಗಿ ಕೇಳುತ್ತಾರೆ. ಸುಳ್ಳು ಅಂತ ಹೇಳಿ ಅಳಿಸಿದರೆ ಸಾಲದು, ನಿಜವಾದದ್ದು ಯಾವುದು ಅಂತಲೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಲಿಂಕ್ ಒತ್ತುತ್ತಾರೆ. ನಿಜವಾದದ್ದು ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು, ನಿಜಾಮರ ಆಳ್ವಿಕೆಯಿಂದ ನಮ್ಮ ಭಾಗದ ವಿಮೋಚನೆಯ ದಿನವೇ ಆದ್ದರಿಂದ ತಾರೀಖು ಮರೆಯುವುದಿಲ್ಲ. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ ₹500, ಸಾಮಾನಿಗೆ ₹15,000 ವರೆಗಿನ ಇ-ವೋಚರ್, ಶೇ. 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷದವರೆಗೆ, ಅದು ತೀರಿದ ಮೇಲೆ ₹2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರು. ಅರ್ಜಿ ಹಾಕುವುದು ಸಿಎಸ್‌ಸಿ ಸೆಂಟರಿನಲ್ಲಿ, ವಾಟ್ಸಾಪ್ ಲಿಂಕಿನಲ್ಲಲ್ಲ. ಯಾರಾದರೂ ಆಗಲೇ ದುಡ್ಡು ಕಳಕೊಂಡಿದ್ದರೆ ಗ್ರೂಪಿನಲ್ಲಿ ಅಳುತ್ತ ಕೂರುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಲಿ. ತಡವಾದಷ್ಟೂ ದುಡ್ಡು ಕೈತಪ್ಪುತ್ತದೆ.

ಫೋಟೊದಲ್ಲಿ ಮೈ ಕಾಣಬಾರದು

ಕುಬಸದ ದೋಷ ತಿಳಿಯುವುದು ತೊಟ್ಟಾಗ. ಆದರೆ ತೊಟ್ಟ ಫೋಟೊ ಗ್ರೂಪಿಗೆ ಬೇಡ, ಹೆಣ್ಣುಮಕ್ಕಳದೇ ಗ್ರೂಪ್ ಆದರೂ ಬೇಡ. ಫೋನು ಯಾರ ಕೈಯಲ್ಲಿರುತ್ತದೆ ಅಂತ ಮೊದಲೇ ಹೇಳಿದ್ದೇನೆ. ನಾವು ಮಾಡುವ ಉಪಾಯ ಇದು. ಕನ್ನಡಿ ಮುಂದೆ ತೊಟ್ಟು ನಿಂತು, ಎಲ್ಲಿ ಎಳೆಯುತ್ತದೋ ಅಲ್ಲಿ ಚಾಕಿನಿಂದ ಗೆರೆ, ಎಲ್ಲಿ ಹೆಚ್ಚಾಗಿದೆಯೋ ಅಲ್ಲಿ ಬೆರಳಿನಿಂದ ಹಿಡಿದು ಗುಂಡುಪಿನ್ನು ಚುಚ್ಚುವುದು. ಬಿಚ್ಚಿ, ನೆಲದ ಮೇಲೆ ಸಪಾಟಾಗಿ ಹಾಸಿ, ಟೇಪು ಇಟ್ಟು ಫೋಟೊ. ಎಳೆತದ ಗೆರೆ ಯಾವ ದಿಕ್ಕಿಗೆ ಹೋಗಿದೆ ಎನ್ನುವುದರಿಂದಲೇ ಕಾರಣ ಹಿಡಿಯಬಹುದು. ಮೈಮೇಲಿನ ಫೋಟೊಗಿಂತ ಇದೇ ಸ್ಪಷ್ಟ. ಗಿರಾಕಿಯ ಮದುವೆ ಕುಬಸದ ಆರಿ ವರ್ಕ್ ಮದುವೆಗೆ ಮೊದಲು ಗ್ರೂಪಿಗೆ ಬರಬಾರದು. ಅಳತೆ ಚೀಟಿಯ ಫೋಟೊದಲ್ಲಿ ಗಿರಾಕಿಯ ಹೆಸರು, ನಂಬರು ಇದ್ದರೆ ಮುಚ್ಚಬೇಕು.

ಫೋನು ತುಂಬಿತು ಅಂತ ಗ್ರೂಪ್ ಬಿಡುವವರೂ ಉಂಟು. ಸೆಟಿಂಗ್ಸಿನಲ್ಲಿ ಸ್ಟೋರೇಜ್ ಎಂಬಲ್ಲಿ ಹೋಗಿ ಫೋಟೊ, ವಿಡಿಯೊ ತಾನಾಗೇ ಇಳಿಯುವುದನ್ನು ನಿಲ್ಲಿಸಲು ಕಲಿಸಿ. ಗ್ರೂಪಿನ ಮೀಡಿಯಾ ಗ್ಯಾಲರಿಯಲ್ಲಿ ಕಾಣದಂತೆಯೂ ಇಡಬಹುದು. ಗಂಡನ ಫೋನಾದರೆ ಇದನ್ನು ಮೊದಲ ದಿನವೇ ಮಾಡಿಸಿ.

ವಾರದ ಕೆಲಸ, ಮತ್ತು ಒಮ್ಮೆ ಕೂಡುವುದು

ಪ್ರಶ್ನೆಯಿಲ್ಲದ ವಾರ ಬರುತ್ತದೆ. ಅದಕ್ಕೆ ಒಂದು ಸಣ್ಣ ಕೆಲಸ ಇಡಿ, ಚಿಂದಿ ಬಟ್ಟೆಯಲ್ಲಿ ಆಗುವಂಥದ್ದು. ಬಟ್ಟೆಯನ್ನು ಓರೆಯಾಗಿ ಕ್ರಾಸ್ ಪಟ್ಟಿ ಕತ್ತರಿಸಿ ಗೇಣುದ್ದ ಪೈಪಿಂಗ್ ಅಂಚು ಮಾಡಿ ತೋರಿಸುವುದು, ಅಷ್ಟೇ ಸಾಕು. ಯಾವುದು ಬೇಕು ಅಂತ ಪೋಲ್ ಹಾಕಿದರೆ ಸುಮ್ಮನಿದ್ದವರೂ ಒತ್ತುತ್ತಾರೆ. ಹನ್ನೆರಡು ಆಯ್ಕೆ ಕೊಡಬಹುದು, ಮೂರಕ್ಕಿಂತ ಹೆಚ್ಚು ಕೊಡಬೇಡಿ. ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಕರೆಂಟು ಹೋದಾಗ ನಮ್ಮಲ್ಲಿ ಕೈಕೆಲಸದ ವಾರ: ಹುಕ್ಕು, ಕಾಜಾ, ಹೆಮ್ಮಿಂಗ್. ಫ್ಯಾನಿಲ್ಲದೆ ಬೆವರುವ ಕೈಗೆ ಸೂಜಿ ಜಾರುತ್ತದೆ, ಹಾಗಾಗಿ ಪೌಡರ್ ಹಚ್ಚಿಕೊಳ್ಳಿ ಎನ್ನುವ ಸಲಹೆಯೂ ಗ್ರೂಪಿನಿಂದಲೇ ಬಂತು.

ಕತ್ತರಿ ಹಿಡಿಯುವ ಹಿಡಿತ ಮತ್ತು ಪೆಡಲಿನ ಲಯ, ಇವೆರಡು ಫೋನಿನಲ್ಲಿ ಬರುವುದಿಲ್ಲ. ಅದಕ್ಕೆ ಆಗಾಗ ಕೂಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ. ಆಳಂದದಿಂದಲೋ ಚಿಂಚೋಳಿಯಿಂದಲೋ ಕೆಕೆಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಬರಬಹುದು, ಗುರುತಿನ ಚೀಟಿಯೊಂದು ಕೈಲಿರಲಿ. ಮೊದಲಾದರೆ ಬಸ್ ಚಾರ್ಜಿನ ಮಾತಿಗೇ ಮನೆಯಲ್ಲಿ ಬೇಡ ಅನ್ನುತ್ತಿದ್ದರು. ಬರುವಾಗ ಬಾಬಿನ್ ಕೇಸು, ತಮ್ಮ ಕತ್ತರಿ, ಕೆಟ್ಟುಹೋದ ಒಂದು ಹೊಲಿಗೆ ತರಬೇಕು. ರೊಟ್ಟಿ, ಶೇಂಗಾ ಹಿಂಡಿ ತರಬೇಕೆಂದು ಯಾರೂ ಹೇಳುವುದಿಲ್ಲ, ಎಲ್ಲರೂ ತರುತ್ತಾರೆ. ಸಂಜೆ ನಾಲ್ಕರೊಳಗೆ ಮುಗಿಸಿ; ಕೊನೆಯ ಬಸ್ಸು ತಪ್ಪಿದರೆ ಮುಂದಿನ ಸಲ ಮನೆಯವರು ಕಳಿಸುವುದಿಲ್ಲ. ಒಮ್ಮೆ ಮುಖ ನೋಡಿಕೊಂಡ ಮೇಲೆ ಗ್ರೂಪಿನಲ್ಲಿ ಕೇಳುವವರು ಹೆಚ್ಚಾಗುತ್ತಾರೆ.

ಹಳೆಯದನ್ನು ಕಾಯುವುದು

ವಾಟ್ಸಾಪಿನಲ್ಲಿ ತಡವಾಗಿ ಬಂದವರಿಗೆ ಹಿಂದೆ ನಡೆದದ್ದೆಲ್ಲ ಕಾಣುವುದಿಲ್ಲ. ಹಾಗಾಗಿ ಅದೇ ಬಾಬಿನ್ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸ್ಟಾರ್ ಹಾಕಿಟ್ಟದ್ದು ನಿಮ್ಮ ಫೋನಿನಲ್ಲಿ ನಿಮಗೆ ಮಾತ್ರ. ಇದಕ್ಕೆ ಮಾತ್ರ ನಾನು ಟೆಲಿಗ್ರಾಮ್ ಬಳಸುತ್ತೇನೆ. ಅಲ್ಲೊಂದು ಚಾನೆಲ್ ಮಾಡಿ, ಬಗೆಹರಿದ ಪ್ರಶ್ನೆಯ ಮೊದಲಿನ ಫೋಟೊ, ನಂತರದ ಫೋಟೊ, ಹುಡುಗಿಯರು ಬರೆದ ಎರಡು ಸಾಲು ಹಾಕಿಡುತ್ತೇವೆ. ಯಾವಾಗ ಬಂದವರಿಗೂ ಮೊದಲಿನಿಂದ ಕಾಣುತ್ತದೆ. ಟೆಲಿಗ್ರಾಮ್ ಬೇಡ ಅನ್ನುವವರಿಗೆ ಅದೇ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಂಗಡಿಯಲ್ಲಿ ಇಟ್ಟಿದ್ದೇನೆ, ಬಂದಾಗ ಓದಿಕೊಳ್ಳುತ್ತಾರೆ.

ಅಡ್ಮಿನ್ ಇಬ್ಬರಿರಲಿ, ಒಬ್ಬರ ಫೋನು ಕಳೆದರೂ ಗ್ರೂಪ್ ಅನಾಥವಾಗಬಾರದು. ಬಸವ ಜಯಂತಿಯ ಸುತ್ತಮುತ್ತ ಮದುವೆ ಸೀಸನ್, ರಮಜಾನ್ ಹತ್ತಿರ ಬಂದರೆ ರಾತ್ರಿ ಎರಡರವರೆಗೆ ಮಷಿನ್. ಆ ದಿನಗಳಲ್ಲಿ ನಾನು ಗ್ರೂಪ್ ತೆರೆಯುವುದೇ ಇಲ್ಲ, ಶಹಾಬಾದಿನಾಕೆ ನೋಡಿಕೊಳ್ಳುತ್ತಾಳೆ. ಆಕೆಗೂ ಕೆಲಸ ಬಿದ್ದರೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟಿಂಗ್ ಬದಲಿಸಿ, "ಹಬ್ಬ ಆದ ಮ್ಯಾಲ ಸೋಮವಾರ ಶುರು ಮಾಡೋಣು" ಅಂತ ಹಾಕಿ ಮುಚ್ಚುತ್ತೇವೆ. ಸೋಮವಾರ ತೆರೆಯುವುದನ್ನು ಮರೆಯಬೇಡಿ.